ಅಳತೆ ಸರಿ, ಜಾಗ ತಪ್ಪು: ಕೇಂದ್ರ ಬಿಟ್ಟುಹೋಗಿದೆ

ಗ್ರಾಫ್ ಹಾಳೆಯಲ್ಲಿ A(2,2), B(4,2), C(2,5) ತ್ರಿಕೋನವನ್ನು ಮೂರು ಪಟ್ಟು ದೊಡ್ಡದು ಮಾಡಿದರೆ ಅಳತೆ ಸರಿ ಬಂದರೂ ಜಾಗ ಯಾಕೆ ತಪ್ಪುತ್ತದೆ ಅಂತ ಕೇಳಿದ್ದೀರಿ. ನೀವು ನಿರ್ದೇಶಾಂಕಗಳನ್ನು ನೇರವಾಗಿ 3ರಿಂದ ಗುಣಿಸಿದ್ದೀರಿ ಅನ್ಸುತ್ತೆ. ತ್ರಿಕೋನ ಮೂರು ಪಟ್ಟು ದೊಡ್ಡದಾಗಿದೆ, ಆದರೆ ಉತ್ತರದ ಜಾಗಕ್ಕೆ ಬಂದಿಲ್ಲ ಅಂದರೆ ಕಾರಣ ಸಾಮಾನ್ಯವಾಗಿ ಇದೇ. ಹಾಗೆ ಗುಣಿಸುವುದು ಕೇಂದ್ರ, ಅಂದರೆ ಯಾವ ಬಿಂದುವಿನಿಂದ ದೂರ ಎಣಿಸಿ ಆಕೃತಿ ದೊಡ್ಡದು ಮಾಡುತ್ತೇವೋ ಅದು, (0,0) ಆಗಿದ್ದಾಗ ಮಾತ್ರ ನಡೆಯುತ್ತದೆ. ನಿಮ್ಮ ಲೆಕ್ಕದಲ್ಲಿ ಕೇಂದ್ರ (1,1).

ಮೊದಲು ಕೇಂದ್ರದಿಂದ ಒಂದು ಮೂಲೆಗೆ ಎಷ್ಟು ಮನೆ ಅಂತ ಎಣಿಸಿ. A(2,2)ಗೆ ಬಲಕ್ಕೆ 1, ಮೇಲಕ್ಕೆ 1. ಈ ದೂರವನ್ನು 3ರಿಂದ ಗುಣಿಸಿ: ಬಲಕ್ಕೆ 3, ಮೇಲಕ್ಕೆ 3. ಈಗ ಮತ್ತೆ ಕೇಂದ್ರದಿಂದಲೇ ಅಷ್ಟು ಎಣಿಸಿ, (4,4) ಸಿಗುತ್ತದೆ. ಈ ಕೊನೆಯ ಎಣಿಕೆಯಲ್ಲೇ ಜಾಸ್ತಿ ಜನ ಎಡವುತ್ತಾರೆ. A ಇಂದ ಎಣಿಸಿದರೆ (5,5) ಬರುತ್ತದೆ, ಆಕೃತಿ ನಾಲ್ಕು ಪಟ್ಟು ಆಗಿಬಿಡುತ್ತದೆ.

B(4,2) ಇದೇ ರೀತಿ (10,4) ಆಗುತ್ತದೆ. C(2,5) ನೀವೇ ಮಾಡಿ ನೋಡಿ, (4,13) ಬರಬೇಕು.

ನಂತರ ಸ್ಕೇಲ್ ಇಟ್ಟು ಕೇಂದ್ರ, ಹಳೆಯ ಮೂಲೆ, ಹೊಸ ಮೂಲೆ ಸೇರಿಸಿ ಗೆರೆ ಎಳೆಯಿರಿ. ಮೂರೂ ಒಂದೇ ಗೆರೆಯಲ್ಲಿ ಕೂರಬೇಕು. ಕೇಂದ್ರದಿಂದ ಹೊಸ ಮೂಲೆಗೆ ಇರುವ ದೂರ ಹಳೆಯ ಮೂಲೆಯ ದೂರದ ಮೂರು ಪಟ್ಟು ಇದೆಯಾ ಅಂತಲೂ ಅಳೆಯಿರಿ, ಯಾಕಂದರೆ A ಇಂದ ಎಣಿಸಿದ ತಪ್ಪು ಗೆರೆಯಲ್ಲಿ ಕಾಣುವುದಿಲ್ಲ. ಸುಮ್ನೆ ಕಣ್ಣಳತೆಯಲ್ಲಿ ಬಿಡಬೇಡಿ, ತಪ್ಪು ಇದ್ದರೆ ಈ ಎರಡರಲ್ಲಿ ಸಿಕ್ಕಿಬೀಳುತ್ತದೆ.

ನಿಮ್ಮ ಚಿತ್ರ ನೋಡದೆ ಇಷ್ಟೇ ಖಚಿತವಾಗಿ ಹೇಳಬಲ್ಲೆ. ಹೀಗೆ ಮಾಡಿಯೂ ಹೊಂದದಿದ್ದರೆ ಸ್ಕೇಲ್ ಫ್ಯಾಕ್ಟರ್ (ಎಷ್ಟು ಪಟ್ಟು ಅಂತ ಹೇಳುವ ಸಂಖ್ಯೆ, ಇಲ್ಲಿ 3) ಮುಂದೆ ಮೈನಸ್ ಇದೆಯಾ ನೋಡಿ. ಇದ್ದರೆ ಗುಣಿಸಿದ ದೂರವನ್ನು ಕೇಂದ್ರದ ಎದುರು ದಿಕ್ಕಿಗೆ, ಅಂದರೆ ಎಡಕ್ಕೆ ಮತ್ತು ಕೆಳಕ್ಕೆ ಎಣಿಸಬೇಕು.