ಚಿಮ್ನಿ ಫ್ಯಾನಿನ ಸದ್ದು ಪೈಪಿನಿಂದ ರೂಮಿಗೆ ಬರುತ್ತಿದೆ, ಏನು ಮಾಡಬಹುದು?

ತುಮಕೂರಿನ ನಿಮ್ಮ ಮನೆಯಲ್ಲಿ ಅಡುಗೆಮನೆ ಚಿಮ್ನಿಯ ಪೈಪು ಅಮ್ಮನ ರೂಮಿನ ಫಾಲ್ಸ್ ಸೀಲಿಂಗ್ ಮೇಲೆ ಹೋಗುತ್ತದೆ, ಬೆಳಗ್ಗೆ ತಿಂಡಿ ಮಾಡುವಾಗ ಅವರ ನಿದ್ದೆ ಕೆಡುತ್ತದೆ ಅಂದಿದ್ದೀರಿ.

ಮೊದಲು ಪೈಪಿನ ಅಗಲ ನೋಡಿ. ಚಿಮ್ನಿಯ ಬಾಯಿ 6 ಇಂಚು ಇದ್ದು, ಗೋಡೆಯ ತೂತು ಚಿಕ್ಕದು ಅಂತ 4 ಇಂಚಿಗೆ ಇಳಿಸಿದ್ದರೆ ತೊಂದರೆ ಅಲ್ಲೇ ಇದೆ. ಅಷ್ಟೇ ಗಾಳಿ ಹೊರಗೆ ಹೋಗಬೇಕಾದರೆ ವೇಗ ಎರಡು ಪಟ್ಟಿಗಿಂತ ಜಾಸ್ತಿ ಬೇಕು. ವೇಗ ಸ್ವಲ್ಪ ಏರಿದರೂ ಸದ್ದು ತುಂಬಾ ಏರುತ್ತದೆ. ಗೋಡೆ ಕೊರೆಸುವುದು ರೇಜಿಗೆಯ ಕೆಲಸ, ಗೊತ್ತು. ಆದರೂ ಕೊರೆಸಿ, ಲಾಭ ಅದರಲ್ಲೇ ಹೆಚ್ಚು.

ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪಿದ್ದರೆ ಪೂರ್ತಿ ಎಳೆದು ನೇರ ಮಾಡಿಸಿ. ನುಣುಪಾದ ತಗಡಿನ ಪೈಪು ಇನ್ನೂ ಒಳ್ಳೆಯದು. ಪೈಪು ಸೀಲಿಂಗ್ ಫ್ರೇಮಿಗೆ ತಾಗುತ್ತಿದ್ದರೆ ನಡುಕ ಹಾಗೇ ರೂಮಿಗೆ ಇಳಿಯುತ್ತದೆ. ಕ್ಲಾಂಪಿನ ಕೆಳಗೆ ರಬ್ಬರ್ ಕೊಡಿಸಿ. ಉಳಿದ ಸದ್ದಿಗೆ ಪೈಪಿನ ಹೊರಗಡೆ ರಾಕ್‌ವುಲ್ (ಕಲ್ಲಿನ ನಾರಿನಿಂದ ಮಾಡಿದ, ಸದ್ದು ತಡೆಯುವ ಹೊದಿಕೆ) ಸುತ್ತಿಸಬಹುದು.

ಒಳಗೆ ಮಾತ್ರ ಸ್ಪಂಜು, ಫೋಮು ಏನೂ ಬೇಡ. ಒಗ್ಗರಣೆಯ ಜಿಡ್ಡು ಅದರಲ್ಲಿ ಕೂತರೆ ಬೆಂಕಿ ಹತ್ತುವ ಭಯ ಇದೆ. ಫಿಲ್ಟರ್ ತೊಳೆಯುತ್ತಿದ್ದೀರಿ ಅಲ್ವಾ? ಅದು ಕಟ್ಟಿಕೊಂಡರೆ ಹೊಗೆ ಎಳೆಯಲು ಫ್ಯಾನನ್ನು ಸುಮ್ನೆ ಜೋರಾಗಿ ಇಡಬೇಕಾಗುತ್ತದೆ.