‘ದಿ ವಿಯರ್’ ಆಡುವವರಿಗೆ: ಲೈಟಿನ ಚಿಂತೆ ಬಿಡಿ, ಕೇಳುವವರನ್ನು ತಯಾರು ಮಾಡಿ

ನಮಸ್ಕಾರ ಸರ್. ಐರಿಶ್ ನಾಟಕಕಾರ ಕಾನರ್ ಮ್ಯಾಕ್‌ಫರ್ಸನ್ ಬರೆದ ‘ದಿ ವಿಯರ್’ (ಅಂದರೆ ನದಿಯ ಒಡ್ಡು) ನಾಟಕವನ್ನು ನಿಮ್ಮ ಹವ್ಯಾಸಿ ತಂಡ ಕನ್ನಡದಲ್ಲಿ ಆಡಬೇಕು ಅಂತಿದೆ. ದೆವ್ವದ ಕತೆ ಬಂದಾಗ ಲೈಟು, ಸೌಂಡು ಎಷ್ಟು ಹಾಕಬೇಕು, ಇಡೀ ನಾಟಕವನ್ನು ಮಲೆನಾಡಿನ ಸಾರಾಯಿ ಅಂಗಡಿಗೆ ತರಬಹುದಾ ಅಂತ ಕೇಳಿದ್ದೀರಿ. ಲೈಟಿನ ಬಗ್ಗೆ ಉತ್ತರ ಚಿಕ್ಕದು: ಏನೂ ಹಾಕಬೇಡಿ. ನಾಟಕ ನಡೆಯೋದು ಒಂದು ಪಬ್ಬಿನಲ್ಲಿ, ಪಬ್ಬಿನ ದೀಪ ಪಬ್ಬಿನ ದೀಪವಾಗಿಯೇ ಇರಲಿ. ಹೊರಗಿನ ಗಾಳಿ ಸದ್ದು ಆಗೊಮ್ಮೆ ಈಗೊಮ್ಮೆ ಕೇಳಿದರೆ ಸಾಕು.

ಗುಂಪಿನಲ್ಲಿ ಈ ನಾಟಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಐರ್ಲೆಂಡಿನ ವಾಯವ್ಯ ಮೂಲೆ, ಲೀಟ್ರಿಮ್ ಅಥವಾ ಸ್ಲೈಗೋ ಕಡೆಯ ಹಳ್ಳಿ. ಅಲ್ಲಿನ ಪಬ್ಬಿನಲ್ಲಿ ಒಂದು ರಾತ್ರಿ. ಗ್ಯಾರೇಜ್ ಇಟ್ಟಿರೋ ಜ್ಯಾಕ್, ಅವನ ಕೈಕೆಳಗಿನ ಜಿಮ್, ಪಬ್ಬಿನ ಮಾಲೀಕ ಬ್ರೆಂಡನ್, ದುಡ್ಡು ಮಾಡಿಕೊಂಡು ಊರು ಬಿಟ್ಟ ಫಿನ್‌ಬಾರ್. ಇವರ ನಡುವೆ ಡಬ್ಲಿನ್ನಿನಿಂದ ಬಂದು ಊರಲ್ಲಿ ಮನೆ ಹಿಡಿದ ವ್ಯಾಲರಿ. ಕುಡೀತಾ ಒಬ್ಬೊಬ್ಬರಾಗಿ ಕತೆ ಹೇಳ್ತಾರೆ, ಅಷ್ಟೇ. 1997ರ ಜುಲೈನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ನಾಟಕ ಕಂಪನಿ ಒಂದು ಪುಟ್ಟ ಜಾಗದಲ್ಲಿ ಮೊದಲು ಆಡಿಸಿತು. ಬರೆದವರಿಗೆ ಆಗ 25 ವರ್ಷ. 1999ಕ್ಕೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ ಹೋಯಿತು. 2025ರಲ್ಲಿ ಐರಿಶ್ ನಟ ಬ್ರೆಂಡನ್ ಗ್ಲೀಸನ್ ಜ್ಯಾಕ್ ಪಾತ್ರ ಮಾಡಿದರು, ನಿರ್ದೇಶನ ಖುದ್ದು ಮ್ಯಾಕ್‌ಫರ್ಸನ್ ಅವರದ್ದು.

ಈಗ ಮುಖ್ಯ ವಿಷಯ. ಕತೆಗಳು ಬರುವ ಕ್ರಮ ನೋಡಿ. ಜ್ಯಾಕ್ ಹೇಳೋದು ಹಳೇ ಕಾಲದ್ದು: ಫೇರಿಗಳು (ಅಲ್ಲಿನ ಜನಪದ ಕತೆಗಳ ಕಿನ್ನರರು) ಓಡಾಡುವ ದಾರಿಯಲ್ಲಿ ಮನೆ ಕಟ್ಟಿದ್ದಾರೆ, ರಾತ್ರಿ ಬಾಗಿಲ ಕೆಳಭಾಗದಲ್ಲಿ ಯಾರೋ ತಟ್ಟುತ್ತಾರೆ. (ನಮ್ಮಲ್ಲಿ ಚೌಡಿ ಓಡಾಡೋ ಜಾಗ ಅಂತಾರಲ್ವಾ, ನಟರಿಗೆ ಹಾಗೆ ಹೇಳಿದರೆ ತಕ್ಷಣ ಹಿಡೀತಾರೆ.) ಆ ಮನೆಯೇ ಈಗ ವ್ಯಾಲರಿ ಇರೋ ಮನೆ. ಫಿನ್‌ಬಾರ್ ಹೇಳೋದು ಪಕ್ಕದ ಮನೆಯವರ ಕತೆ, ಆದರೆ ಹೆದರಿದ್ದು ಅವನೇ. ಜಿಮ್ ಹೇಳೋದು ತಾನೇ ಗುಂಡಿ ತೋಡಿದ ಸ್ಮಶಾನದ ಕತೆ, ಅದು ಭಯಕ್ಕಿಂತ ಹೇಸಿಗೆ ಹುಟ್ಟಿಸುತ್ತೆ. ಆಮೇಲೆ ವ್ಯಾಲರಿ: ಈಜುಕೊಳದಲ್ಲಿ ತೀರಿಕೊಂಡ ಮಗಳು ಫೋನ್ ಮಾಡಿ, ಬಂದು ಕರ್ಕೊಂಡು ಹೋಗು ಅಂದಳು. ದೂರದ ಭಯ ಹತ್ತಿರ ಹತ್ತಿರ ಬಂದು ಎದೆ ಮೇಲೆ ಕೂರುತ್ತೆ. ಕೊನೆಗೆ ಜ್ಯಾಕ್ ಇನ್ನೊಂದು ಹೇಳ್ತಾನೆ, ಅದರಲ್ಲಿ ದೆವ್ವವೇ ಇಲ್ಲ. ಪ್ರೀತಿಸಿದವಳ ಜೊತೆ ಡಬ್ಲಿನ್‌ಗೆ ಹೋಗದೆ ಊರಲ್ಲೇ ಉಳಿದವನು, ಅವಳ ಮದುವೆಗೆ ಹೋಗಿ ಬಂದ ಕತೆ. ನನ್ನ ಲೆಕ್ಕದಲ್ಲಿ ನಾಟಕದ ಅತಿ ಕಷ್ಟದ ಭಾಗ ಇದು. ನಿಮ್ಮಲ್ಲಿ ಚೆನ್ನಾಗಿ ಮಾಡೋರು ಒಬ್ಬರೇ ಇದ್ದರೆ ಜ್ಯಾಕ್ ಅವರಿಗೇ ಕೊಡಿ.

ವ್ಯಾಲರಿ ಕತೆ ಮುಗಿದ ಮೇಲಿನ ಎರಡು ನಿಮಿಷವನ್ನು ಬೇರೆಯಾಗಿ ತಾಲೀಮು ಮಾಡಿ. ಅಲ್ಲಿವರೆಗೆ ಅವಳನ್ನು ಬೆಚ್ಚಿಬೀಳಿಸಿದ ಗಂಡಸರೇ ಈಗ ತಮ್ಮ ತಮ್ಮ ಕತೆ ವಾಪಸ್ ತಗೊಳ್ಳೋಕೆ ಶುರು ಮಾಡ್ತಾರೆ. ಫೋನ್ ಬೇರೆ ಯಾರದೋ ಇರಬಹುದು, ಜಿಮ್‌ಗೆ ಆಗ ಜ್ವರ ಇತ್ತು, ಹೀಗೆ. ಯಾರಿಗೂ ಅವಳ ಮುಖ ನೋಡೋ ಧೈರ್ಯ ಇಲ್ಲ. ಇದನ್ನು ತಮಾಷೆ ಮಾಡಿಬಿಟ್ಟರೆ ನಾಟಕ ಹೋಯಿತು.

ಹಾಗಾಗಿ ತಾಲೀಮಿನಲ್ಲಿ ಕತೆ ಹೇಳುವವರನ್ನು ನಿಮಗೆ ಬೆನ್ನು ಹಾಕಿ ಕೂರಿಸಿ. ನೀವು ಉಳಿದ ನಾಲ್ವರನ್ನು ಮಾತ್ರ ನೋಡ್ತಾ ಇರಿ. ಯಾರು ಗ್ಲಾಸ್ ಎತ್ತಿ ಕುಡಿಯದೆ ಇಟ್ಟರು, ಯಾರು ಸಿಗರೇಟಿಗೆ ಕೈ ಹಾಕಿ ಸುಮ್ನಾದರು, ಅದೇ ನಿಮ್ಮ ಲೈಟು. ಜಿಮ್ ಮಾಡುವವರು ದನಿ ನಡುಗಿಸೋಕೆ ಹೋಗ್ತಾರೆ, ತಡೀರಿ. ಪಂಕ್ಚರ್ ಹಾಕಿದ ವಿಷಯ ಹೇಳೋ ಹಾಗೆ ಸಪ್ಪಗೆ ಹೇಳಿದರೇ ಮೈ ಜುಂ ಅನ್ನೋದು.

ಇನ್ನು ಸಾರಾಯಿ ಅಂಗಡಿ ವಿಷಯ. ನನಗೆ ಒಪ್ಪಿಗೆ ಇಲ್ಲ. ಕರ್ನಾಟಕದಲ್ಲಿ 2007ರಲ್ಲೇ ಸಾರಾಯಿ ನಿಂತಿದೆ, ಅದು ಹಾಗಿರಲಿ. ಒಬ್ಬ ಹೆಂಗಸು ಅಲ್ಲಿ ಬಂದು ಕೂತರೆ ಪ್ರೇಕ್ಷಕರ ಗಮನವೆಲ್ಲ ಅದರ ಮೇಲೇ ಇರುತ್ತೆ. ಐರಿಶ್ ಹಳ್ಳಿಯ ಪಬ್ಬು ಅಕ್ಕಪಕ್ಕದವರಿಗೆ ಸಂಜೆಯ ಜಗಲಿ ಇದ್ದಂತೆ. ಮೊದಲ ದೃಶ್ಯವೇ ನೋಡಿ: ಖಾಲಿ ಪಬ್ಬಿಗೆ ಜ್ಯಾಕ್ ಬರ್ತಾನೆ, ತಾನೇ ಕೌಂಟರ್ ಹಿಂದೆ ಹೋಗಿ ಗಿನ್ನೆಸ್ ಬಿಯರಿನ ನಲ್ಲಿಯನ್ನು ತಿರುಗಿಸ್ತಾನೆ, ಬಿಯರ್ ಬರಲ್ಲ. ಬಾಟಲ್ ತಗೊಂಡು, ದುಡ್ಡನ್ನು ತಾನೇ ಗಲ್ಲಾಪೆಟ್ಟಿಗೆಗೆ ಹಾಕ್ತಾನೆ. ಒಂದು ಮಾತಿಲ್ಲದೆ ಊರು ಎಂಥದ್ದು ಅಂತ ಗೊತ್ತಾಗುತ್ತೆ. ವ್ಯಾಲರಿ ವೈಟ್ ವೈನ್ ಕೇಳಿದಾಗ ಬ್ರೆಂಡನ್ ಪರದಾಡೋದೂ ಹಾಗೇ. ಹೆಂಗಸರ ಟಾಯ್ಲೆಟ್ ಕೆಟ್ಟಿದೆ ಅಂತ ಅವಳನ್ನು ಅವನು ತನ್ನ ಮನೆಯೊಳಗೆ ಕರ್ಕೊಂಡು ಹೋಗಬೇಕಾಗುತ್ತೆ, ಅಷ್ಟರಲ್ಲಿ ಇಲ್ಲಿ ಗಂಡಸರ ಜಗಳ. ಇದನ್ನೆಲ್ಲ ನಮ್ಮೂರಿಗೆ ಎಳೆದು ತರೋ ಬದಲು ಊರು, ಹೆಸರು ಅಲ್ಲಿನವೇ ಇರಲಿ, ಮಾತು ಮಾತ್ರ ನಿಮ್ಮ ನಟರ ಮನೆಮಾತಾಗಲಿ. ವ್ಯಾಲರಿಗೆ ಸ್ವಲ್ಪ ಪೇಟೆ ಕನ್ನಡ ಕೊಡಿ.

ಸೆಟ್ಟಿಗೆ ಜಾಸ್ತಿ ಖರ್ಚಿಲ್ಲ. ಕೌಂಟರ್, ಸ್ಟೂಲು, ಒಲೆ, ಗೋಡೆ ಮೇಲೆ ಹಳೇ ಕಪ್ಪು ಬಿಳುಪು ಫೋಟೋಗಳು. ಫೋಟೋ ಬಿಡಬೇಡಿ, ವ್ಯಾಲರಿಗೆ ಊರು, ನದಿಯ ಒಡ್ಡು ತೋರಿಸೋದು ಅದರಲ್ಲೇ. ವಿಸ್ಕಿಗೆ ಹಾಲು ಹಾಕದ ತಣ್ಣನೆ ಟೀ, ವೈನಿಗೆ ನೀರು ಬೆರೆಸಿದ ಸೇಬಿನ ಜ್ಯೂಸ್. ಕುಡಿಯೋದು ತುಂಬಾ ಇದೆ, ಸೋಡಾ ಕೊಟ್ಟರೆ ಜ್ಯಾಕ್ ಕೊನೇ ಕತೆಯಲ್ಲಿ ತೇಗ್ತಾನೆ! ಯಾರು ಯಾವ ಮಾತಿಗೆ ಎಷ್ಟನೇ ಗ್ಲಾಸ್ ಅಂತ ಸ್ಕ್ರಿಪ್ಟ್ ಅಂಚಲ್ಲೇ ಗುರುತು ಹಾಕಿಕೊಳ್ಳಿ. ಇಂಟರ್ವಲ್ ಇಲ್ಲದ ನಾಟಕ, ಸುಮಾರು ಒಂದೂವರೆ ಗಂಟೆ ಚಿಲ್ಲರೆ. ಚಹಾ ಮಾರೋರು ಕೇಳಿದರೂ ಮಧ್ಯೆ ನಿಲ್ಲಿಸಬೇಡಿ.

ಅನುವಾದ ಶುರು ಮಾಡೋ ಮುಂಚೆ ಅನುಮತಿಗೆ ಬರೀರಿ. ಪುಸ್ತಕ ಲಂಡನ್ನಿನ ನಿಕ್ ಹರ್ನ್ ಬುಕ್ಸ್ ಅವರದ್ದು, ಯಾರಿಗೆ ಬರೀಬೇಕು ಅಂತ ಒಳಪುಟದಲ್ಲಿರುತ್ತೆ. ಅನುವಾದಕ್ಕೆ ಬೇರೆ, ಪ್ರದರ್ಶನಕ್ಕೆ ಬೇರೆ ಅಂತ ಪತ್ರದಲ್ಲೇ ಎರಡೂ ಕೇಳಿಬಿಡಿ.