‘ಏಲಿಯನ್’ ಸಿನಿಮಾ ನನಗೆ ಪ್ರಾಣ. ಅದಕ್ಕೂ ಹಿಂದಿನ ಕಥೆ ಹೇಳುವ ‘ಪ್ರೊಮೀಥಿಯಸ್’ ನೋಡಿ ಅರ್ಧ ಬೇಜಾರು, ಆದರೂ ತಲೆಯಿಂದ ಹೋಗುತ್ತಿಲ್ಲ. ಅದರ ಮುಂದಿನ ಭಾಗ ‘ಕವನೆಂಟ್’ ನೋಡಿದರೆ ಉತ್ತರ ಸಿಗುತ್ತದೆಯೇ?

ಉತ್ತರ ಸಿಗುತ್ತದೆ. ಸಿಕ್ಕಿದ ಮೇಲೆ ಬೇಜಾರು ಹೆಚ್ಚಾಗುತ್ತದೆ. ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ ಹಾಗಿದೆ, ಮೊದಲು ಅದನ್ನು ಹೇಳುತ್ತೇನೆ.

2012ರಲ್ಲಿ ‘ಪ್ರೊಮೀಥಿಯಸ್’ ನೋಡಲು ಥಿಯೇಟರಿಗೆ ಹೋಗುವ ಹಿಂದಿನ ರಾತ್ರಿ 1979ರ ‘ಏಲಿಯನ್’ ಮತ್ತೊಮ್ಮೆ ಹಾಕಿಕೊಂಡು ಕೂತೆ. ನಿಲ್ಲಿಸಿ ನಿಲ್ಲಿಸಿ ನೋಡಿದ್ದು ಒಂದೇ ದೃಶ್ಯ: ಪಾಳುಬಿದ್ದ ಹಡಗಿನೊಳಗೆ, ದೊಡ್ಡ ದುರ್ಬೀನಿನಂಥ ಯಂತ್ರದ ಕೆಳಗೆ, ಕುರ್ಚಿಯಿಂದಲೇ ಬೆಳೆದು ಬಂದಂತಿರುವ ದೈತ್ಯನ ಅಸ್ಥಿಪಂಜರ. ಪಕ್ಕೆಲುಬುಗಳು ಒಳಗಿನಿಂದ ಹೊರಕ್ಕೆ ಬಾಗಿವೆ. ನಾವು ಅಭಿಮಾನಿಗಳು ‘ಸ್ಪೇಸ್ ಜಾಕಿ’ ಅನ್ನುವುದು ಇವನನ್ನೇ. ಚಿತ್ರಕಾರ ಎಚ್. ಆರ್. ಗೀಗರ್ ಕಲ್ಪನೆ. ಅದು ಇನ್ನೂ ದೊಡ್ಡದಾಗಿ ಕಾಣಲೆಂದು ನಿರ್ದೇಶಕ ರಿಡ್ಲಿ ಸ್ಕಾಟ್ ತಮ್ಮ ಮಕ್ಕಳಿಗೇ ಪುಟ್ಟ ಸ್ಪೇಸ್‌ಸೂಟ್ ತೊಡಿಸಿ ಅದರ ಮುಂದೆ ನಿಲ್ಲಿಸಿದ್ದರು.

ಮಾರನೆಯ ದಿನ ನಾನು ಸಿನಿಮಾ ನೋಡಲಿಲ್ಲ, ಲೆಕ್ಕ ತಾಳೆ ನೋಡಿದೆ. ಲಾಳದ ಆಕಾರದ ಹಡಗು, ಬಂತು. ಕುರ್ಚಿ, ಬಂತು. ಮನುಷ್ಯರನ್ನು ಸೃಷ್ಟಿಸಿದ ಜಾತಿಯ ದೈತ್ಯ, ‘ಎಂಜಿನಿಯರ್’, ಎದ್ದು ಕುರ್ಚಿಯಲ್ಲಿ ಕೂತ, ಆನೆ ಸೊಂಡಿಲಿನಂಥ ಮುಖವಾಡ ಮುಚ್ಚಿಕೊಂಡಿತು. ಅಂದರೆ ಮೂವತ್ತು ವರ್ಷ ನಾವು ಮೂಳೆ ಅಂದುಕೊಂಡಿದ್ದು ಬಟ್ಟೆ! ಅದನ್ನೂ ನುಂಗಿಕೊಂಡೆ. ಹಡಗು ಕೆಳಗೆ ಬಿತ್ತು. ಇನ್ನು ಇವನು ಆ ಕುರ್ಚಿಯಲ್ಲೇ ಎದೆ ಸೀಳಿ ಸಾಯಬೇಕು, ಆಗ ಲೆಕ್ಕ ಚುಕ್ತಾ. ಪುಣ್ಯಾತ್ಮ ಎದ್ದು ನಡೆದೇ ಹೊರಟ! ವಿಜ್ಞಾನಿ ಶಾಳನ್ನು ಹುಡುಕಿಕೊಂಡು ಲೈಫ್‌ಬೋಟಿಗೆ ಹೋಗಿ, ಅವಳ ಹೊಟ್ಟೆಯಿಂದ ತೆಗೆದ ಪ್ರಾಣಿ ಬೆಳೆದು ನಿಂತಿತ್ತಲ್ಲ, ಅದರ ಹಿಡಿತದಲ್ಲಿ ಸತ್ತ. ಕುರ್ಚಿ ಖಾಲಿ. ನನಗೆ ಮೋಸ ಹೋದ ಸಿಟ್ಟು.

ಮೋಸ ಇರಲಿಲ್ಲ, ನಾನು ನಂಬರ್ ಓದಿರಲಿಲ್ಲ. ‘ಪ್ರೊಮೀಥಿಯಸ್’ ನಡೆಯುವುದು 2093ರಲ್ಲಿ, ಎಲ್‌ವಿ-223 ಎಂಬ ಉಪಗ್ರಹದಲ್ಲಿ. ‘ಏಲಿಯನ್’ ನಾಯಕಿ ರಿಪ್ಲಿ ಇದ್ದ ‘ನಾಸ್ಟ್ರೋಮೊ’ ನೌಕೆ ಇಳಿಯುವುದು 2122ರಲ್ಲಿ, ಎಲ್‌ವಿ-426ರಲ್ಲಿ. ಬೇರೆ ನೆಲ, ಆ ಪಾಳು ಹಡಗೂ ಬೇರೆ. ತಾಳೆಯಾಗಬೇಕಾದ ಲೆಕ್ಕವೇ ಅಲ್ಲ. ಆದರೆ ತಪ್ಪೆಲ್ಲ ನಮ್ಮದೇ ಅನ್ನಲೂ ಆಗದು. ಜಾನ್ ಸ್ಪೈಟ್ಸ್ ಬರೆದ ಮೊದಲಿನ ಚಿತ್ರಕಥೆ ಎಲ್‌ವಿ-426ರಲ್ಲೇ ನಡೆಯುವ ನೇರ ಪ್ರೀಕ್ವೆಲ್, ಅಂದರೆ ‘ಏಲಿಯನ್’ನ ಹಿಂದಿನ ಕಥೆ. ಡೇಮನ್ ಲಿಂಡೆಲಾಫ್ ತಿದ್ದಿದಾಗ ಕಥೆ ದೂರ ಸರಿಯಿತು, ಹಡಗು, ಕುರ್ಚಿ, ಸೂಟು ಮಾತ್ರ ಹಾಗೇ ಉಳಿದವು. ಹಳೇ ಮನೆ ಕೆಡವಿ ಬಾಗಿಲು ಮಾತ್ರ ಉಳಿಸಿಕೊಂಡರೆ ನೆಂಟರು ಹಳೇ ಮನೆ ಅಂತಲೇ ಒಳಗೆ ಬರುತ್ತಾರೆ.

ಈ ತಾಳೆ ನೋಡುವ ಗಲಾಟೆಯಲ್ಲಿ ನಾನು ಕಳೆದುಕೊಂಡಿದ್ದು ಬಿಲಿಯರ್ಡ್ಸ್ ಟೇಬಲ್ ದೃಶ್ಯ. ವಿಜ್ಞಾನಿ ಹಾಲೊವೇ ಕುಡಿದಿದ್ದಾನೆ. ರೋಬೋ ಡೇವಿಡ್ ಬಂದು ಕೇಳುತ್ತಾನೆ: ಮನುಷ್ಯರು ನನ್ನನ್ನು ಯಾಕೆ ಮಾಡಿದಿರಿ? ಮಾಡಲು ಬಂತು, ಮಾಡಿದೆವು, ಅನ್ನುತ್ತಾನೆ ಹಾಲೊವೇ. ನಿಮ್ಮನ್ನು ಮಾಡಿದವರ ಬಾಯಲ್ಲಿ ಇದೇ ಮಾತು ಬಂದರೆ ನಿಮಗೆಷ್ಟು ನಿರಾಸೆಯಾದೀತು ಯೋಚಿಸಿ, ಅನ್ನುತ್ತಾನೆ ಡೇವಿಡ್. ಆಮೇಲೆ, ಉತ್ತರಕ್ಕಾಗಿ ಎಷ್ಟು ದೂರ ಹೋಗುತ್ತೀರಿ ಎಂದು ಕೇಳಿ, ಏನು ಬೇಕಾದರೂ ಮಾಡುತ್ತೇನೆ ಎಂದು ಬಾಯಿ ಬಿಡಿಸಿಕೊಂಡು, ಬೆರಳ ತುದಿಯ ಕಪ್ಪು ಹನಿಯನ್ನು ಗ್ಲಾಸಿಗೆ ಅದ್ದುತ್ತಾನೆ. ವಿಷ ಹಾಕುವ ಮುನ್ನ ಒಪ್ಪಿಗೆ ಪಡೆಯುವ ರೋಬೋ! ಇಡೀ ಸಿನಿಮಾ ಇಲ್ಲಿದೆ. ನಿಮ್ಮ ಪ್ರಶ್ನೆಯೂ ಹಾಲೊವೇಯದ್ದೇ.

ಇನ್ನು ‘ವಿಜ್ಞಾನಿಗಳು ದಡ್ಡರು’ ಎಂಬ ದೂರು. ಅದು ನಿಜ, ನಾನು ಸಮರ್ಥಿಸುವುದಿಲ್ಲ. ನಕ್ಷೆ ಮಾಡಿದ ಫೈಫೀಲ್ಡನೇ ದಾರಿ ತಪ್ಪುತ್ತಾನೆ. ಜೀವಶಾಸ್ತ್ರಜ್ಞ ಮಿಲ್‌ಬರ್ನ್ ಹೆಡೆಯೆತ್ತಿದ ಹಾವಿನಂಥದ್ದನ್ನು ಮುದ್ದು ಮಾಡಲು ಹೋಗುತ್ತಾನೆ. ಅವನ ವಿಷಯದಲ್ಲಿ ಮಾತ್ರ ಎಡಿಟಿಂಗ್ ಕತ್ತರಿಯ ಪಾಲೂ ಇದೆ. ಪುಟ್ಟ ಹುಳುವನ್ನು ಕಂಡು ಅವನು ಕುಣಿದಾಡುವ ದೃಶ್ಯವೊಂದು ಮೊದಲೇ ಇತ್ತು, ಅದನ್ನು ತೆಗೆದುಬಿಟ್ಟರು. ಡಿಸ್ಕಿನಲ್ಲಿ ಸಿಗುತ್ತದೆ, ನೋಡಿ. ಎಂಜಿನಿಯರ್ ಬಾಯಿಬಿಟ್ಟು ಮಾತಾಡುವ ಉದ್ದನೆಯ ದೃಶ್ಯವೂ ಅದರಲ್ಲೇ ಇದೆ.

ಮತ್ತೆ ನೋಡುವುದಾದರೆ ತಿಂಗಳು ಬಿಟ್ಟು ನೋಡಿ, ಆ ವಾರ ‘ಏಲಿಯನ್’ ಮುಟ್ಟಬೇಡಿ. ಸಬ್‌ಟೈಟಲ್ ಹಾಕಿಕೊಳ್ಳಿ, ಡೇವಿಡ್ ಒಬ್ಬನ ಮೇಲೇ ಕಣ್ಣಿಡಿ. ಉಳಿದವರು ನಿದ್ದೆಯಲ್ಲಿರುವಾಗ ಅವನು ಎಂಜಿನಿಯರ್ ಜತೆ ಮಾತಾಡಲು ಭಾಷೆ ಕಲಿಯುತ್ತಾ ಒಂದು ಕಥೆಯನ್ನು ಬಾಯಿಪಾಠ ಒಪ್ಪಿಸುತ್ತಾನಲ್ಲ, ಅದು ಕುರಿ ಮತ್ತು ಕುದುರೆಗಳ ಕಥೆ. ಸಂಸ್ಕೃತ, ಗ್ರೀಕ್‌ಗಳ ಮೂಲಭಾಷೆ ಹೀಗಿದ್ದೀತೆಂದು 19ನೇ ಶತಮಾನದಲ್ಲಿ ಶ್ಲೈಖರ್ ಎಂಬ ಜರ್ಮನ್ ಪಂಡಿತ ಕಟ್ಟಿದ್ದು. (ಕನ್ನಡಕ್ಕೂ ಆ ಕುಟುಂಬಕ್ಕೂ ರಕ್ತಸಂಬಂಧವಿಲ್ಲ, ಎಂಜಿನಿಯರ್ ನಮ್ಮ ಕಡೆ ಇಳಿದಿದ್ದರೆ ಡೇವಿಡ್ ಪಾಡು ಕಷ್ಟವಿತ್ತು.) ಹಾಗೇ ಯಾನದ ಮೇಲ್ವಿಚಾರಕಿ ವಿಕರ್ಸ್ ಕೋಣೆಯ ಶಸ್ತ್ರಚಿಕಿತ್ಸಾ ಯಂತ್ರ ಗಂಡಸರಿಗೆ ಮಾತ್ರ ಹೊಂದಿಸಿರುವುದನ್ನು ಗಮನಿಸಿ. ಹೆಂಗಸಿನ ಕೋಣೆಯಲ್ಲಿ ಅದೇಕೆ? ಯಾನಕ್ಕೆ ಹಣ ಹಾಕಿದ ಮುದುಕ ವೇಲ್ಯಾಂಡ್ ಹಡಗಿನಲ್ಲೇ ಅಡಗಿದ್ದಾನೆ ಎಂಬ ಸುಳಿವು ಅದೇ.

2017ರ ‘ಕವನೆಂಟ್’? ಅದು ಬರುವಷ್ಟರಲ್ಲಿ ಶಾ ಸತ್ತಿರುತ್ತಾಳೆ. ‘ಏಲಿಯನ್’ನ ಆ ಪ್ರಾಣಿಗಳನ್ನು ತಿದ್ದಿ ತೀಡಿ ಬೆಳೆಸಿದವನು ಡೇವಿಡ್ ಎಂದು ಹೇಳಿಬಿಡುತ್ತಾರೆ. ಅದರ ಕಥೆ 2104ರದ್ದು, ‘ಏಲಿಯನ್’ಗಿಂತ ಕೇವಲ 18 ವರ್ಷ ಮೊದಲು. ಹಾಗಾದರೆ ಕಲ್ಲಾಗಿ ಹೋದ ಆ ಜಾಕಿಯ ಹಡಗಿನಲ್ಲಿದ್ದ ಮೊಟ್ಟೆಗಳು ಯಾರವು? ಒಂದು ಗಂಟು ಬಿಚ್ಚಿ ಎರಡು ಹಾಕಿದ್ದಾರೆ. ಫಾಸ್‌ಬೆಂಡರನ (ಡೇವಿಡ್ ಪಾತ್ರಧಾರಿ) ಡಬಲ್ ಆ್ಯಕ್ಟಿಂಗಿಗಾಗಿ ನೋಡಿ, ಕೊಳಲಿನ ದೃಶ್ಯಕ್ಕೇ ದುಡ್ಡು ವಸೂಲು. ಉತ್ತರಕ್ಕಾಗಿ ಬೇಡ.

ಮನೆಯಲ್ಲಿ ಹೊಸಬರಿಗೆ ತೋರಿಸುವಾಗ ಮಾತ್ರ ಇಸವಿಯ ಕ್ರಮದಲ್ಲಿ, 2093ರ ಕಥೆ ಮೊದಲು ಅಂತ ಶುರು ಮಾಡಬೇಡಿ. ನಾಸ್ಟ್ರೋಮೊದವರ ಟಾರ್ಚು ಆ ಕುರ್ಚಿಯ ಮೇಲೆ ಬಿದ್ದಾಗ ಸೋಫಾದಿಂದ ‘ಓ, ಅದು ಸೂಟು’ ಅಂತ ಒಂದು ದನಿ ಬರುತ್ತದೆ.